ಹದಿನೇಳರ ಕೋಲು

ಇದು ಶುರುವಾದದ್ದು ಅಕ್ಟೋಬರ್ ತಿಂಗಳ ಬೇಗೆಯಲ್ಲಿ, ಮೊದಲ ಮಳೆಗೆ ಇನ್ನೂ ನಾಲ್ಕು ವಾರ ಇರುವಾಗ, ಬೆಳಗಿನ ಐದಕ್ಕೆ ಹತ್ತು ನಿಮಿಷದ ಹೊತ್ತಿನಲ್ಲಿ. ಏನು ಶುರುವಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಹತ್ತು ವರ್ಷ ಕಳೆದಿದೆ. ಇವತ್ತೂ ಅಕ್ಟೋಬರ್, ಹೊತ್ತೂ ಅದೇ, ತಾಮ್ರದ ಗಣಿನಾಡಿನ ಎನ್‌ಡೋಲಾ ಊರಾಚೆ ಸಿಕಾಜ್ವೆಯವರ ಲಾರಿ ಯಾರ್ಡಿನಲ್ಲಿ ಜೆಲಿಪಾ ಶೊಂಗಾ ನಿಂತಿರುವ ಜಾಗವೂ ಅದೇ.

ಸಿಮೆಂಟು ಕಟ್ಟೆಯ ಮೇಲೆ ಒಂಬತ್ತನೇ ನಂಬರಿನ ಲಾರಿ ಬಂದು ನಿಲ್ಲುತ್ತದೆ. ಆ ಕಟ್ಟೆಯನ್ನು ನೀರು ನಿಲ್ಲಿಸಿ ಮಟ್ಟ ನೋಡಿ ಕಟ್ಟಿಸಿದವಳು ಆಕೆಯೇ. ಲಾರಿ ಒಂದು ಬೆರಳು ವಾಲಿದರೂ ಅಳತೆ ಸುಳ್ಳಾಗುತ್ತದೆ. ಗೋಡೆಯ ಮೊಳೆಯಿಂದ ಒಂಬತ್ತು ಎಂದು ಕೊರೆದ ಕೋಲನ್ನು ತೆಗೆದು, ಅದರ ಮೈಗೆ ಸೀಮೆಸುಣ್ಣ ತೀಡಿ, ಟ್ಯಾಂಕಿನ ಮುಚ್ಚಳ ತಿರುವಿ, ಕೋಲನ್ನು ನೆಟ್ಟಗೆ ಇಳಿಸುತ್ತಾಳೆ. ತಳ ಮುಟ್ಟಿದ ಸದ್ದು ಕೇಳುವವರೆಗೆ ಉಸಿರು ಬಿಡುವುದಿಲ್ಲ. ಮೇಲೆತ್ತಿದರೆ ಬಿಳಿಯ ಸುಣ್ಣದ ಮೇಲೆ ಒದ್ದೆಯ ಗೆರೆ. ಗೆರೆಯ ಮೇಲೆ ಹೆಬ್ಬೆರಳಿಟ್ಟು, ಕೋಲಿನ ತುದಿಯನ್ನು ಮೂಗಿಗೆ ತಂದು ಮೂಸುತ್ತಾಳೆ. ಸೀಮೆಎಣ್ಣೆ ಬೆರೆತಿದ್ದರೆ ಅಲ್ಲೇ ಗೊತ್ತಾಗುತ್ತದೆ.

"ಅಕ್ಕಾ, ಸರಿಯಾಗಿ ನೋಡಿ ಹೇಳಿ," ಎಂದು ಡ್ರೈವರ್ ಕ್ಯಾಬಿನ್ನಿನಿಂದ ತಲೆ ಹೊರಹಾಕುತ್ತಾನೆ. "ಸೆರೆಂಜೆ ದಾಟಿದ ಮೇಲೆ ಎದುರುಗಾಳಿ ಅಂದ್ರೆ ಅದೇನ್ ಎದುರುಗಾಳಿ ಅಂತೀರಿ."

"ಗಾಳಿ ಎಷ್ಟು ಕುಡೀತು, ನೀನೆಷ್ಟು ಕುಡಿದೆ ಅಂತ ಕೋಲು ಬೇರೆ ಬೇರೆ ಹೇಳಲ್ಲಪ್ಪ. ಒಟ್ಟು ಹೇಳತ್ತೆ. ಇಳಿ, ಬಂದು ನೀನೂ ನೋಡು."

ಅವನು ಇಳಿದು ಬಂದು ಗೆರೆ ನೋಡಿ ತಲೆಯಾಡಿಸುತ್ತಾನೆ. ಡ್ರೈವರ್ ತಲೆಯಾಡಿಸದೆ ಆಕೆ ಪುಸ್ತಕದಲ್ಲಿ ಅಂಕಿ ಬರೆಯುವುದಿಲ್ಲ. ಅದು ಆಕೆಯೇ ಮಾಡಿಕೊಂಡ ಪದ್ಧತಿ.

"ಸೂರ್ಯ ಬರೋಕೆ ಮುಂಚೆ ಮುಗೀಬೇಕು," ಎನ್ನುತ್ತಾಳೆ ನನ್ನ ಕಡೆ ತಿರುಗಿ. "ಬಿಸಿಲು ಬಿದ್ರೆ ಡೀಸೆಲ್ ಉಬ್ಬತ್ತೆ. ಎರಡು ಮೂರು ಲೀಟರ್ ಇಲ್ಲದ್ದು ಇದ್ದಂಗೆ ಕಾಣತ್ತೆ. ಒಬ್ಬನ್ನ ತಣ್ಣಗಿದ್ದಾಗ, ಇನ್ನೊಬ್ಬನ್ನ ಬಿಸಿಲಲ್ಲಿ ಅಳೆದ್ರೆ ಅದು ಅನ್ಯಾಯ. ಎಲ್ರಿಗೂ ಒಂದೇ ಹೊತ್ತು."

ನಿಮ್ಮ ಯಾರ್ಡಿನಲ್ಲಿ ಯಾರ ಕಣ್ಣಿಗೂ ಬೀಳದೆ ದುಡಿಯುವವರು ಯಾರಿದ್ದಾರೆ ಎಂದು ಶನಿವಾರದ ಪುರವಣಿಯವರು ಕೇಳಿದಾಗ ನನ್ನ ಬಾಯಿಗೆ ಮೊದಲು ಬಂದದ್ದು ನನ್ನ ಹೆಸರೇ. ನುಂಗಿಕೊಂಡೆ. ಇಲ್ಲಿ ಮೂರು ಲಾರಿ ಇದ್ದ ಕಾಲದಿಂದ ನಾನು ವೆಲ್ಡಿಂಗ್ ಮಾಡಿದವನು. ಓದಿದ್ದು ನಾಲ್ಕನೇ ತರಗತಿ. ನನ್ನನ್ನು ಇಲ್ಲಿ ಎಲ್ಲರೂ ಬಾಶಿ ಚೊಲಾ, ಅಂದರೆ ಚೊಲಾನ ಅಪ್ಪ, ಎನ್ನುತ್ತಾರೆ. ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಬೆಳಗಾದರೆ ಕಾಲು ಇಲ್ಲಿಗೇ ಬರುತ್ತದೆ. ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು ಆಕೆ ಅಳೆಯುವುದನ್ನು ನೋಡುತ್ತೇನೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಒಂದು ಕೆಂಡ. ಅದನ್ನು ಮುಚ್ಚಿಟ್ಟು ಆಕೆಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಯಾರ್ಡಿನ ಮೂಲೆಯಲ್ಲಿ ಎತ್ತರದ ಕಂಬಗಳ ಮೇಲೆ ದೊಡ್ಡ ಡೀಸೆಲ್ ಟ್ಯಾಂಕ್ ಇದೆ. ಅದರ ಪೈಪಿನಿಂದಲೇ ಎಲ್ಲ ಲಾರಿಗಳಿಗೂ ತುಂಬುವುದು. ಪೈಪಿಗಿದ್ದ ಮೀಟರ್ ಸತ್ತು ಎಷ್ಟೋ ಕಾಲವಾಯಿತು. ಹೊಸದು ಹಾಕಿದರೆ ಅದನ್ನೂ ತಿರುಚುತ್ತಾರೆ ಎಂದು ಯಜಮಾನ ಸಿಕಾಜ್ವೆ ಹಾಕಿಸಲಿಲ್ಲ. ಹಾಗಾಗಿ ಲಾರಿ ಹೊರಡುವಾಗ ಎಷ್ಟಿತ್ತು, ಬರುವಾಗ ಎಷ್ಟು ಉಳಿಯಿತು ಎಂದು ಹೇಳುವುದು ಕೋಲು ಮಾತ್ರ. ಮೂವತ್ನಾಲ್ಕು ಲಾರಿಗೆ ಮೂವತ್ನಾಲ್ಕು ಕೋಲು. ಕೋಲಿನ ಒಂದು ಮುಖ ಎಡಗಡೆಯ ಟ್ಯಾಂಕಿಗೆ, ಇನ್ನೊಂದು ಮುಖ ಬಲಗಡೆಯದಕ್ಕೆ.

ಒಂದು ಕೋಲು ಮಾಡಲು ಒಂದಿಡೀ ದಿನ ಬೇಕು. ಲಾರಿಯ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಇಪ್ಪತ್ತು ಲೀಟರಿನ ಡಬ್ಬದಲ್ಲಿ ಒಂದೊಂದೇ ಡಬ್ಬ ಸುರಿದು, ಪ್ರತಿ ಡಬ್ಬಕ್ಕೂ ಕೋಲು ಇಳಿಸಿ, ಒದ್ದೆಯಾದ ಕಡೆ ಕಾದ ಕಂಬಿಯಿಂದ ಗೆರೆ ಸುಡಬೇಕು. ಇಪ್ಪತ್ತು ಡಬ್ಬಕ್ಕೆ ಟ್ಯಾಂಕ್ ತುಂಬುತ್ತದೆ. ಗಟ್ಟಿ ಮರದ ಕೋಲು, ಆಕೆಯೇ ಉಜ್ಜಿ ನಯ ಮಾಡಿದ್ದು. ಎರಡು ಲಾರಿ ಒಂದೇ ಕಾರ್ಖಾನೆಯಿಂದ ಒಂದೇ ದಿನ ಬಂದಿದ್ದರೂ ಒಂದರ ಕೋಲನ್ನು ಇನ್ನೊಂದಕ್ಕೆ ಹಾಕುವುದಿಲ್ಲ.

"ಅವಳಿ ಮಕ್ಕಳ ಹೊಟ್ಟೇನೂ ಬೇರೆ ಬೇರೆ ಅಲ್ವಾ," ಎನ್ನುತ್ತಾಳೆ.

ಈ ಕೆಲಸ ಆಕೆಗೆ ಸಿಕ್ಕಿದ್ದು ಇಪ್ಪತ್ತೆರಡು ವರ್ಷದ ಹಿಂದೆ. ಅದಕ್ಕೂ ಮೊದಲು ಆರು ವರ್ಷ ಇದೇ ಗೇಟಿನ ಹೊರಗೆ, ಈಗ ನಾನು ಕೂರುವ ಬೆಂಚಿನ ಜಾಗದಲ್ಲಿ, ಎಣ್ಣೆ ಬಾಣಲೆ ಇಟ್ಟುಕೊಂಡು ವಿತುಂಬುವಾ ಎಂಬ ಸಿಹಿ ಹಿಟ್ಟಿನುಂಡೆ ಕರಿದು ಮಾರುತ್ತಿದ್ದಳು. ಚಿಪಾಟಾ ಕಡೆಯವಳು. ಗಣಿಯಲ್ಲಿದ್ದ ಗಂಡ ಕೆಲಸ ಕಳೆದುಕೊಂಡು ಊರಿಗೆ ಹಿಂದಿರುಗಿದ. ಆಕೆ ಹಿಂದಿರುಗಲಿಲ್ಲ. ಮಗಳು ತಿಯೆಸೆಯನ್ನು ಬೆನ್ನಿಗೆ ಕಟ್ಟಿಕೊಂಡು ಹಿಟ್ಟು ಕಲಸುತ್ತಿದ್ದಳು. ಇಂದಿಗೂ ಯಾರ್ಡಿನವರಿಗೆಲ್ಲ ಆಕೆ ಬಾನಾ ತಿಯೆಸೆ, ತಿಯೆಸೆಯ ಅಮ್ಮ.

ಒಂದು ಬೆಳಿಗ್ಗೆ ಸಿಕಾಜ್ವೆ ಬಿಸಿ ವಿತುಂಬುವಾ ತಿನ್ನುತ್ತಾ, ತಿಂಗಳಿಗೆ ಏಳು ಡ್ರಮ್ ಡೀಸೆಲ್ ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು ಎಂದರು.

"ದೇವರನ್ಯಾಕೆ ಕೇಳ್ತೀರಿ ಬಾಸ್?" ಎಂದಳಂತೆ ಆಕೆ. "ಸಂಬಳಕ್ಕಿನ್ನೂ ಹತ್ತು ದಿನ ಇರುವಾಗ ಲಾರಿ ಇಳಿದು ಬಂದು ಹತ್ತು ವಿತುಂಬುವಾ ತಗೊಂಡು ಚಿಲ್ಲರೆ ಬೇಡ ಅನ್ನೋರ ಹೆಸರು ನಂಗೆ ಗೊತ್ತು. ಹೇಳ್ಲಾ?"

ಮೂರು ದಿನದ ಮೇಲೆ ಸಿಕಾಜ್ವೆ ಎಲ್ಲರನ್ನೂ ಸೇರಿಸಿದರು. ಅಳೆಯುವ ಕೆಲಸಕ್ಕೆ ಒಬ್ಬರನ್ನು ನೇಮಿಸುತ್ತಾರೆಂದು ಮೊದಲೇ ಸುದ್ದಿಯಿತ್ತು. ಪ್ರತಿಯೊಂದು ಟ್ಯಾಂಕಿನ ಒಳಹೊರಗು ಬಲ್ಲವನು ನಾನು. ಅವತ್ತು ಹೊಸ ಅಂಗಿ ಹಾಕಿಕೊಂಡು ಬಂದಿದ್ದೆ. ಕೋಲನ್ನು ಕೊಟ್ಟದ್ದು ಬಾಣಲೆಯ ಮುಂದೆ ಕೂರುವ ಹೆಂಗಸಿಗೆ. ಆ ಅಂಗಿಯನ್ನು ನಾನು ಮತ್ತೆ ಹಾಕಲಿಲ್ಲ.

ಅಲ್ಲಿಂದ ಮುಂದೆ ಯಾರ್ಡಿನಲ್ಲಿ ಯಾವ ಮಾತು ಬಂದರೂ ಸಿಕಾಜ್ವೆ ಕೇಳುವುದು ಒಂದೇ: "ಬಾನಾ ತಿಯೆಸೆ ಏನಂತಾಳೆ?" ಡ್ರೈವರನ್ನು ತೆಗೆಯಬೇಕೆ, ಬಾನಾ ತಿಯೆಸೆ ಏನಂತಾಳೆ. ಹೊಸ ಲಾರಿ ಕೊಳ್ಳಬೇಕೆ, ಬಾನಾ ತಿಯೆಸೆ ಏನಂತಾಳೆ. ನನ್ನ ಬೆಸುಗೆಯ ಮೇಲೆ ಮೂವತ್ತು ಟನ್ ತಾಮ್ರ ಕೂತು ಗಡಿಯವರೆಗೆ ಹೋಗಿ ಬರುತ್ತಿತ್ತು. ಬಾಶಿ ಚೊಲಾ ಏನಂತಾನೆ ಎಂದು ಯಾರೂ ಒಂದು ದಿನ ಕೇಳಲಿಲ್ಲ. ಆಕೆಗೆ ಬೆನ್ನೊರಗುವ ಕುರ್ಚಿ ಬಂತು. ನನಗೆ ಟೈರಿನ ರಿಮ್ಮೇ ಕುರ್ಚಿ. ಆಕೆ ಬಂದರೆ ಗೇಟಿನ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಹಳೆಯ ವಿತುಂಬುವಾ ಹಾಕುತ್ತಿದ್ದಳೆಂದು ಈಗ ತಿಳಿಯುತ್ತದೆ, ಆಗ ಅದಕ್ಕೂ ಹೊಟ್ಟೆಯುರಿಯುತ್ತಿತ್ತು.

ದಿನಕ್ಕೆ ಹದಿನಾಲ್ಕೋ ಹದಿನೈದೋ ಲಾರಿ ಕಟ್ಟೆ ಹತ್ತುತ್ತವೆ. ಲಾರಿಗೆ ಎರಡು ಟ್ಯಾಂಕ್, ಟ್ಯಾಂಕಿಗೆ ಎರಡು ಸಲ ಕೋಲು. ಅರವತ್ತು ಸಲ ಬಗ್ಗಿ ಏಳುವಷ್ಟರಲ್ಲಿ ಬೆಳಕು ಹರಿಯುತ್ತದೆ. ವಯಸ್ಸು ಐವತ್ತೆಂಟು. ಡೀಸೆಲ್ ತಿಂದು ತಿಂದು ಬೆರಳ ಸಂದುಗಳು ಸೀಳಿವೆ, ರಾತ್ರಿ ಶೇಂಗಾ ಎಣ್ಣೆ ಹಚ್ಚಿಕೊಂಡು ಮಲಗುತ್ತಾಳೆ. ಏಳು ಡ್ರಮ್ ಹೋಗುತ್ತಿದ್ದ ಕಡೆ ಈಗ ತಿಂಗಳಿಗೆ ಒಂದು ಡಬ್ಬವೂ ಹೋಗುವುದಿಲ್ಲ.

ಕದಿಯುವವರ ಬುದ್ಧಿ ಏನು ಕಡಿಮೆಯೇ? ಟ್ಯಾಂಕಿನೊಳಗೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳನ್ನು ಮುಳುಗಿಸಿ ಬಿಡುತ್ತಿದ್ದರು, ಮಟ್ಟ ಮೇಲೆ ಕಾಣಲೆಂದು. "ತಳ ಮುಟ್ಟಿದ್ರೆ ಟಣ್ ಅನ್ಬೇಕು," ಎನ್ನುತ್ತಾಳೆ ಜೆಲಿಪಾ. "ಮೆತ್ತಗೆ ಪುಸ್ ಅಂದ್ರೆ ಒಳಗೆ ಯಾರೋ ಮಲಗಿದ್ದಾರೆ ಅಂತ." ಆದರೆ ಕದ್ದದ್ದಕ್ಕಿಂತ ಪೋಲಾದದ್ದೇ ಹೆಚ್ಚು ಎಂಬುದು ಆಕೆಯ ಮಾತು. ಗಡಿಯಲ್ಲಿ ಸಾಲು ನಿಂತಾಗ ಇಂಜಿನ್ ಆರಿಸದೆ ಫ್ಯಾನಿನ ಗಾಳಿಗೆ ನಿದ್ದೆ ಮಾಡುವವರು, ಟೈರಿಗೆ ಗಾಳಿ ಹಿಡಿಸದವರು, ಏರಿನಲ್ಲಿ ಗೇರು ಇಳಿಸಲು ಸೋಮಾರಿತನ ಪಡುವವರು, ಎಲ್ಲರೂ ಆಕೆಯ ಕೋಲಿನ ಮೇಲೆ ಗೆರೆಯಾಗಿ ಬರುತ್ತಾರೆ. ಶನಿವಾರ ಗೇಟಿನ ಕಪ್ಪು ಹಲಗೆಯ ಮೇಲೆ ಆ ವಾರ ಹೆಚ್ಚು ಉಳಿಸಿದ ಡ್ರೈವರಿನ ಹೆಸರು ಬರೆಯುತ್ತಾಳೆ. ಅವನಿಗೆ ಒಂದು ಚೀಲ ಮೆಕ್ಕೆಜೋಳದ ಹಿಟ್ಟು.

ಇದರ ಬೆಲೆಯನ್ನೂ ತೆತ್ತಿದ್ದಾಳೆ. ಚರ್ಚಿನಲ್ಲಿ ಡ್ರೈವರುಗಳ ಹೆಂಡಂದಿರು ಆಕೆ ಕೂತ ಬೆಂಚಿನಿಂದ ಸರಿದು ಕೂರುತ್ತಾರೆ. ಒಮ್ಮೆ ಆಗಿದ್ದ ಇಪ್ಪತ್ತೊಂಬತ್ತು ಕೋಲುಗಳನ್ನೂ ಯಾರೋ ಒಟ್ಟಿ ಸುಟ್ಟರು. ಆಕೆ ಅಳಲಿಲ್ಲ, ದೂರಲಿಲ್ಲ. ಇಪ್ಪತ್ತೊಂಬತ್ತು ದಿನ ದಿನಕ್ಕೊಂದರಂತೆ ಮತ್ತೆ ಡಬ್ಬ ಸುರಿದಳು.

ಈಗ ಯಜಮಾನರ ಮಗ ಆರು ಲಾರಿಗಳಿಗೆ ಯಂತ್ರ ಹಾಕಿಸಿದ್ದಾನೆ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಫೋನಿನಲ್ಲೇ ಕಾಣುತ್ತದೆ. ಆಕೆ ಫೋನನ್ನೂ ನೋಡುತ್ತಾಳೆ, ಕೋಲನ್ನೂ ಇಳಿಸುತ್ತಾಳೆ.

"ಫೋನು ಒಳ್ಳೇದೇ. ಅದು ನಿದ್ದೆ ಮಾಡಲ್ಲ, ಚರ್ಚಿಗೂ ಹೋಗಲ್ಲ," ಎಂದಳು ಮೊನ್ನೆ. "ಆದ್ರೆ ಟ್ಯಾಂಕ್ ಎಷ್ಟು ದೊಡ್ಡದು ಅಂತ ಫೋನಿಗೂ ಯಾರೋ ಒಬ್ರು ಮೊದ್ಲು ಹೇಳ್ಬೇಕಲ್ಲ? ಆ ಒಬ್ರು ಸುಳ್ಳು ಹೇಳಿದ್ರೆ?"

ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಕೋಲು ಕೈಗೆ ಬಂದ ಮೊದಲ ವಾರವೇ ಆಕೆ ಒಂದು ನಿಯಮ ಮಾಡಿದ್ದಳು. ಲಾರಿಯ ಟ್ಯಾಂಕನ್ನು ಯಾರು ಮುಟ್ಟಿದರೂ, ತೂತು ಮುಚ್ಚಿದರೂ, ಬದಲಿಸಿದರೂ, ಆಕೆಗೆ ಹೇಳಬೇಕು. ಆಕೆ ಡಬ್ಬ ಸುರಿದು ಹೊಸ ಕೋಲು ಮಾಡುತ್ತಾಳೆ. ಟ್ಯಾಂಕ್ ಮುಟ್ಟುವವನು ಯಾರ್ಡಿನಲ್ಲಿ ನಾನೊಬ್ಬನೇ. ಅಂದರೆ ಆ ನಿಯಮ ನನಗೊಬ್ಬನಿಗೇ. ಹನ್ನೆರಡು ವರ್ಷ ಹಲ್ಲು ಕಚ್ಚಿಕೊಂಡು ಹೇಳುತ್ತಾ ಬಂದೆ.

ಆ ಅಕ್ಟೋಬರಿನಲ್ಲಿ ಹದಿನೇಳನೇ ಲಾರಿಯನ್ನು ಮ್ಕುಶಿಯಿಂದ ಎಳೆದು ತಂದರು. ಹಿಂದಿನಿಂದ ಯಾರೋ ಗುದ್ದಿ ಎಡಗಡೆಯ ಟ್ಯಾಂಕಿನ ತುದಿ ನಜ್ಜುಗುಜ್ಜಾಗಿತ್ತು. ಹಾಳಾದ ಭಾಗವನ್ನು ನಾಲ್ಕು ಬೆರಳಗಲ ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸಿ ಬೆಸೆದು, ಬಣ್ಣ ಹೊಡೆದೆ. ಒಳ್ಳೆಯ ಕೆಲಸ. ನಾನೇ ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೂ ಟ್ಯಾಂಕ್ ಗಿಡ್ಡವಾಗಿದೆ ಎಂದು ಗೊತ್ತಾಗುತ್ತಿರಲಿಲ್ಲ. ಆ ವಾರವೇ ಸಿಕಾಜ್ವೆ ಆಕೆಗೆ ಎಲ್ಲರ ಮುಂದೆ ಕೈಗಡಿಯಾರ ಕೊಟ್ಟಿದ್ದರು, ಹನ್ನೆರಡು ವರ್ಷ ತುಂಬಿತೆಂದು. ನನಗೆ ಇಪ್ಪತ್ತಾರು ತುಂಬಿತ್ತು.

ಮಾರನೇ ಬೆಳಿಗ್ಗೆ ಐದಕ್ಕೆ ಹತ್ತು ನಿಮಿಷ. ಹದಿನೇಳು ಕಟ್ಟೆ ಹತ್ತಿತ್ತು. ಡ್ರೈವರುಗಳು ಚಹಾದ ಮಗ್ಗು ಹಿಡಿದು ಸುತ್ತ ನಿಂತಿದ್ದರು. ನಾನು ಆಕೆಗೆ ಹೇಳಬೇಕಿತ್ತು. ಹೇಳಿದೆ.

ಹೇಗೆ ಹೇಳಿದೆ ಎಂಬುದೇ ಇಲ್ಲಿನ ಮಾತು. ನಾನು ಬೆಂಬಾ ಬುಡಕಟ್ಟಿನವನು, ಆಕೆ ಎನ್‌ಗೋನಿ. ನಮ್ಮ ಮುತ್ತಜ್ಜಂದಿರು ಭರ್ಚಿ ಹಿಡಿದು ಕಾದಾಡಿ ಸುಸ್ತಾದ ಮೇಲೆ, ಇನ್ನು ಮುಂದೆ ಬರೀ ಬಾಯಲ್ಲಿ ಬೈದಾಡೋಣ ಎಂದುಕೊಂಡರಂತೆ. ಹಾಗಾಗಿ ನಾವು ಅವರಿಗೆ, ಅವರು ನಮಗೆ ಏನು ಬೇಕಾದರೂ ಅನ್ನಬಹುದು. ಸಾವಿನ ಮನೆಯಲ್ಲೂ ಅನ್ನಬಹುದು. ಯಾರೂ ಸಿಟ್ಟಾಗುವಂತಿಲ್ಲ, ಯಾರೂ ಅದನ್ನು ನಿಜವೆಂದು ಹಿಡಿಯುವಂತಿಲ್ಲ.

"ಏ ಇಲಿ ತಿನ್ನೋಳೆ!" ಎಂದೆ. "ನಿನ್ನ ಹದಿನೇಳರ ಕೋಲು ಕೆಲಸಕ್ಕೆ ಬರಲ್ಲ ಇನ್ಮೇಲೆ. ಒಲೆಗೆ ಹಾಕಿ ನಾಲ್ಕು ಇಲಿ ಸುಟ್ಕೊಂಡು ತಿನ್ನು."

"ನೀನು ಬೆಸುಗೆ ಹಾಕಿದ ಲಾರಿ ನಿಂತಿರೋದೇ ದೊಡ್ಡದು, ಕೋತಿ ತಿನ್ನೋನೆ," ಎಂದಳು ಕೋಲಿಗೆ ಸುಣ್ಣ ತೀಡುತ್ತಾ. "ಬಾಲ ಮಡಚ್ಕೊಂಡು ಆ ಕಡೆ ಕೂತ್ಕೋ. ಕೋಲಿಗೆ ತಾಗೀತು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹದಿನೇಳರ ಡ್ರೈವರ್ ಎವರಿಸ್ಟೊ ಲುಂಬ್ವೆ ನಕ್ಕ ರಭಸಕ್ಕೆ ಚಹಾ ಮೂಗಿಗೆ ಹತ್ತಿತು. ಆಕೆಯೂ ನಗುತ್ತಲೇ ಹಳೆಯ ಕೋಲನ್ನು ಟ್ಯಾಂಕಿಗೆ ಇಳಿಸಿದಳು.

ಹೇಳಿದೆ, ಆದರೆ ಕೇಳಿಸದಂತೆ ಹೇಳಿದೆ. ಒಂದೆರಡು ಟ್ರಿಪ್ಪಿನಲ್ಲಿ ಕೋಲು ಸುಳ್ಳಾಗುತ್ತದೆ, ಸಿಕಾಜ್ವೆಯ ಮುಂದೆ ಆಕೆಯ ಮುಖ ಸಪ್ಪಗಾಗುತ್ತದೆ, ಆ ಒಂದು ಮುಖವನ್ನು ನೋಡಿದರೆ ಸಾಕು ಎಂದುಕೊಂಡಿದ್ದೆ. ನಡುವೆ ಒಬ್ಬ ಡ್ರೈವರ್ ಇದ್ದಾನೆಂಬುದು ನನ್ನ ತಲೆಗೆ ಬರಲೇ ಇಲ್ಲ.

ಎವರಿಸ್ಟೊ ಮ್ಪಿಕಾ ಕಡೆಯವನು. ನಲವತ್ತೊಂದು ವರ್ಷ, ಮಾತು ಕಡಿಮೆ. ಆ ವರ್ಷ ಹಲಗೆಯ ಮೇಲೆ ಅವನ ಹೆಸರು ಐದು ಸಲ ಬಂದಿತ್ತು, ಐದು ಚೀಲ ಹಿಟ್ಟು ಮನೆಗೆ ಒಯ್ದಿದ್ದ. ಯಾರ್ಡಿನಲ್ಲಿ ಹೊಟ್ಟೆಕಿಚ್ಚು ನನ್ನೊಬ್ಬನ ಸ್ವತ್ತಾಗಿರಲಿಲ್ಲ. ನವೆಂಬರಿನಿಂದ ಹದಿನೇಳು ಪ್ರತಿ ಟ್ರಿಪ್ಪಿಗೂ ಇಪ್ಪತ್ತೆಂಟು ಲೀಟರ್ ಹೆಚ್ಚು ಕುಡಿಯುತ್ತಿದೆ ಎಂದು ಪುಸ್ತಕ ಹೇಳತೊಡಗಿದಾಗ ಉಳಿದ ಡ್ರೈವರುಗಳು ಒಳಗೊಳಗೇ ಖುಷಿಪಟ್ಟರು.

"ಹಿಟ್ಟು ಸಾಲ್ದಾಯ್ತೇನೋ ಎವರಿಸ್ಟೊಗೆ, ಪಲ್ಯಕ್ಕೆ ಡೀಸೆಲ್ ಹಾಕ್ಕೋತಿದ್ದಾನೆ," ಎಂದು ಒಬ್ಬ ಹೇಳಿದ್ದು ನೆನಪಿದೆ. ನಾನೂ ನಕ್ಕಿದ್ದೆ.

ಫೆಬ್ರವರಿಯಲ್ಲಿ ಮಳೆಗೆ ರಸ್ತೆ ಕೊಚ್ಚಿ ಹೋಗಿ ಸುತ್ತಿ ಬರುವಾಗ ಕಪಿರಿ ಹತ್ತಿರ ಹದಿನೇಳು ಬರಿದಾಗಿ ನಿಂತಿತು. ಎವರಿಸ್ಟೊ ಸ್ವಂತ ದುಡ್ಡಿನಲ್ಲಿ ಒಂದು ಡಬ್ಬ ಕೊಂಡು ಮನೆ ಮುಟ್ಟಿದ. ಕದ್ದು ಮಾರಿದವನೇ ದಾರಿಯಲ್ಲಿ ಬರಿದಾಗುವುದು ಎಂದರು ಎಲ್ಲ. ಮಾರ್ಚಿನಲ್ಲಿ ಸಿಕಾಜ್ವೆ ಅವನನ್ನು ಕರೆಸಿ ಪುಸ್ತಕ ತೆರೆದಿಟ್ಟರು.

"ಬಾನಾ ತಿಯೆಸೆ ಏನಂತಾಳೆ?"

"ಕೋಲು ಹೇಳಿದ್ದನ್ನ ಬರೆದಿದೀನಿ ಬಾಸ್," ಎಂದಳು ಆಕೆ. "ಅವನೂ ಪ್ರತಿ ಸಲ ನೋಡಿದಾನೆ."

"ನೋಡಿದೀನಿ," ಎಂದ ಎವರಿಸ್ಟೊ. "ತಲೇನೂ ಆಡ್ಸಿದೀನಿ. ಕೋಲು ಸುಳ್ಳು ಅಂತ ನಾನನ್ನಲ್ಲ. ಆದ್ರೆ ನಾನು ತೆಗೆದಿಲ್ಲ. ಎರಡೂ ಹೆಂಗೆ ನಿಜ ಆಗತ್ತೋ ನಂಗೆ ಗೊತ್ತಿಲ್ಲ ಬಾಸ್."

ನಾನು ಹತ್ತು ಹೆಜ್ಜೆ ದೂರದಲ್ಲಿ ಮಡ್‌ಗಾರ್ಡ್ ಬೆಸೆಯುತ್ತಿದ್ದೆ. ಮುಖಕ್ಕೆ ವೆಲ್ಡಿಂಗ್ ಮುಸುಕು ಇತ್ತು. ತೆಗೆಯಲಿಲ್ಲ. ಅವನು ಕ್ಯಾಬಿನ್ ಹತ್ತಿ ತನ್ನ ಕಂಬಳಿ, ಚಿಕ್ಕ ಸ್ಟೌ, ಕನ್ನಡಿಗೆ ಕಟ್ಟಿದ್ದ ಜಪಮಾಲೆ ತೆಗೆದುಕೊಂಡು ಗೇಟಿನ ಕಡೆ ನಡೆದ. ನನ್ನ ಪಕ್ಕ ಹಾದುಹೋಗುವಾಗ "ಬರ್ತೀನಿ ತಾತಾ" ಎಂದ. ನಾನು ತಗಡಿನ ಮೇಲೆ ಕಿಡಿ ಹಾರಿಸುತ್ತಲೇ ಇದ್ದೆ.

ಇನ್ನೊಬ್ಬ ಡ್ರೈವರ್ ಹದಿನೇಳನ್ನು ಹತ್ತಿದ. ಪುಸ್ತಕ ಮತ್ತೆ ಅದನ್ನೇ ಹೇಳಿತು, ಇಪ್ಪತ್ತೆಂಟು ಲೀಟರ್. ಮಾರ್ಚ್ ಕೊನೆಯ ಭಾನುವಾರ ಜೆಲಿಪಾ ದೊಡ್ಡ ಟ್ಯಾಂಕಿನ ಏಣಿ ಹತ್ತಿ ಅಳೆದು ಇಳಿದು ಬಂದವಳು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದಳು. ದೊಡ್ಡ ಟ್ಯಾಂಕಿನಲ್ಲಿ ಪುಸ್ತಕದ ಲೆಕ್ಕಕ್ಕಿಂತ ಒಂದೂವರೆ ಡ್ರಮ್ ಹೆಚ್ಚಿತ್ತು. ನವೆಂಬರಿನಿಂದಲೂ ಹನಿಹನಿಯಾಗಿ ಹೆಚ್ಚುತ್ತಿತ್ತು. ಕಡಿಮೆಯಾದರೆ ಹುಡುಕುತ್ತಾರೆ, ಹೆಚ್ಚಾದರೆ ಯಾರು ಹುಡುಕುತ್ತಾರೆ?

"ಇದ್ಯಾವ ಸೀಮೆ ಕಳ್ಳ," ಎಂದಳು ಯಾರಿಗೆಂದಿಲ್ಲದೆ. "ಲಾರೀಲಿ ಕದ್ದು ತಂದು ದೊಡ್ಡ ಟ್ಯಾಂಕಿಗೆ ವಾಪಸ್ ಸುರಿಯೋನು?"

ಆ ಸಂಜೆಯೇ ಹದಿನೇಳರ ಟ್ಯಾಂಕುಗಳನ್ನು ಬರಿದು ಮಾಡಿ ಡಬ್ಬ ಸುರಿಯತೊಡಗಿದಳು. ಬಲಗಡೆಯದು ಇಪ್ಪತ್ತು ಡಬ್ಬ ಕುಡಿಯಿತು. ಎಡಗಡೆಯದು ಹದಿನೆಂಟೂವರೆಗೇ ಉಕ್ಕಿತು. ತುಂಬಿದೆ ಎಂದು ಬರೆದಾಗಲೆಲ್ಲ ಒಂದೂವರೆ ಡಬ್ಬ ಆ ಟ್ಯಾಂಕಿಗೆ ಹೋಗಿಯೇ ಇರಲಿಲ್ಲ, ದೊಡ್ಡ ಟ್ಯಾಂಕಿನಲ್ಲೇ ಉಳಿದಿತ್ತು. ಎಲ್ಲರೂ ನೋಡುತ್ತಿದ್ದಂತೆ ಆಕೆ ಟ್ಯಾಂಕಿನ ಹಿಂತುದಿಯ ಮೇಲೆ ಅಂಗೈ ಸವರಿದಳು. ಬಣ್ಣದ ಕೆಳಗೆ ಬೆಸುಗೆಯ ಏರು ಬೆರಳಿಗೆ ಸಿಕ್ಕಿತು. ಒಬ್ಬೊಬ್ಬ ವೆಲ್ಡರನ ಬೆಸುಗೆಗೂ ಅವನದೇ ನಡಿಗೆ ಇರುತ್ತದೆ. ನನ್ನದನ್ನು ಆಕೆ ಹನ್ನೆರಡು ವರ್ಷ ನೋಡಿದ್ದಳು. ತಲೆ ಎತ್ತಿ ನಾನಿದ್ದ ಕಡೆ ನೋಡಿದಳು. ಈಗ ಬೈಯುತ್ತಾಳೆ ಎಂದು ಕಾದೆ. ಡಬ್ಬ ಕೆಳಗಿಟ್ಟು ಕೈ ಒರೆಸಿಕೊಂಡಳು.

ನೇರ ಸಿಕಾಜ್ವೆಯ ಬಳಿ ಹೋಗಿ ಹೇಳಿದಳು: "ನನ್ನ ಕೋಲು ತಪ್ಪು ಬಾಸ್. ಎವರಿಸ್ಟೊ ಕದ್ದಿಲ್ಲ."

"ಟ್ಯಾಂಕ್ ಮುಟ್ಟಿದವರು ಯಾರು?"

"ಯಾರು ಮುಟ್ಟಿದ್ರೂ ಅಳೆಯೋಳು ನಾನು."

ಎರಡು ದಿನ ರಜೆ ಹಾಕಿ, ಹದಿನೇಳರ ಹಳೆಯ ಕೋಲನ್ನು ಚಿತೆಂಗೆ ಬಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ಮ್ಪಿಕಾಗೆ ಹೋದಳು. ಎವರಿಸ್ಟೊ ಒಂದು ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಆಕೆ ಹೇಳಿದ್ದನ್ನೆಲ್ಲ ಕೇಳಿ ಅವನು ಅಂದದ್ದು ಇಷ್ಟು: "ಇಲ್ಲಿ ಬದು ಮೇಲೆ ನಂಗೊಬ್ಬನಿಗೆ ಹೇಳಿ ಏನ್ ಬಂತು ಅಕ್ಕಾ? ನಾನು ಕದ್ದಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಬನ್ನಿ, ನಮ್ಮತ್ತೆ ಮನೇಲಿ ಹೇಳಿ."

ಅತ್ತೆಯ ಅಂಗಳದಲ್ಲಿ ಹೆಂಡತಿಯ ಅಣ್ಣತಮ್ಮಂದಿರೆಲ್ಲ ಸೇರಿದ ಮೇಲೆ ಜೆಲಿಪಾ ಮೊಣಕಾಲೂರಿ ಕೂತು, ಕೋಲನ್ನು ಮುಂದಿಟ್ಟು, ಒಂದೊಂದು ಗೆರೆಯನ್ನೂ ತೋರಿಸಿ ಹೇಳಿದಳು. ಅತ್ತೆ ಆಕೆಗೆ ಮೆಕ್ಕೆಜೋಳದ ಮುದ್ದೆ, ನ್ಶೀಮಾ, ಬಡಿಸಿ, ಪಕ್ಕಕ್ಕೆ ಒಣಮೀನಿನ ಸಾರು ಕೊಟ್ಟಳು. ಎವರಿಸ್ಟೊ ಮಾತ್ರ ಯಾರ್ಡಿಗೆ ಬರಲು ಒಪ್ಪಲಿಲ್ಲ. "ಆ ಗೇಟಲ್ಲಿ ಎಲ್ರೂ ನಕ್ಕಿದ್ದನ್ನ ನೋಡಿದೀನಿ," ಎಂದನಂತೆ. ಇದನ್ನೆಲ್ಲ ಆಕೆಯೇ ಬಂದು ಡ್ರೈವರುಗಳಿಗೆ ಹೇಳಿದಳು, ಅವರ ನಗು ಎಲ್ಲಿಗೆ ಹೋಗಿ ಮುಟ್ಟಿತು ಎಂದು ತಿಳಿಯಲಿ ಎಂದು. ನಾನು ಟೈರಿನ ರಿಮ್ಮಿನ ಮೇಲೆ ಕೂತು ಕೇಳಿಸಿಕೊಂಡೆ.

ಆಮೇಲೆ ಒಂಬತ್ತೂವರೆ ವರ್ಷ. ಆಕೆ ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಇಲಿ, ಕೋತಿ ಎಂದು ಅಣಕಿಸುವುದನ್ನು ಮಾತ್ರ ನಿಲ್ಲಿಸಿದಳು. ಬೇರೆ ಬೆಂಬಾಗಳ ಜೊತೆ ಈಗಲೂ ಆಡುತ್ತಾಳೆ. ನನಗೆ "ಬಾಶಿ ಚೊಲಾ, ಚೆನ್ನಾಗಿದೀರಾ?" ಎಂದು ಮರ್ಯಾದೆಯಿಂದ ಕೇಳುತ್ತಾಳೆ. ಎನ್‌ಗೋನಿಯ ಬಾಯಿಂದ ಬರುವ ಮರ್ಯಾದೆಯಂಥ ಏಟು ಬೆಂಬಾಗೆ ಬೇರೆ ಇಲ್ಲ. ಆಕೆ ಬೈಯುವ ಇತರರನ್ನು ಕಂಡರೂ ನನಗೆ ಹೊಟ್ಟೆಕಿಚ್ಚು.

ಈ ಬರಹಕ್ಕೆಂದು ಕಟ್ಟೆಯ ಬಳಿ ಹೋಗಿ ಕೇಳಿದೆ, "ಹದಿನೇಳರ ವಿಷಯ ಬರೀಲಾ?"

"ಬರೀರಿ."

"ಎಲ್ಲಾನೂ?"

ಆಕೆ ಕೋಲಿಗೆ ಸುಣ್ಣ ತೀಡುತ್ತಿದ್ದಳು. "ನೀವು ಹೇಳಿದ್ರಿ. ನಾನು ನಕ್ಕೆ. ತಪ್ಪು ನಂದು."

"ನೀನು ನಗಲಿ ಅಂತಾನೇ ಹಂಗೆ ಹೇಳಿದ್ದು ಕಣಮ್ಮ ನಾನು."

"ಗೊತ್ತು," ಎಂದಳು. ಕೋಲು ಇಳಿಸಿ, ತಳದ ಸದ್ದು ಕೇಳಿ, ಮೇಲೆತ್ತಿ ಗೆರೆ ನೋಡಿದಳು. "ಗೊತ್ತಿದ್ರೂ ನಗಬಾರದಿತ್ತು. ಅಳೆಯೋಳು ನಾನಲ್ವಾ?"

ನೋಡಿ, ಕುರ್ಚಿ ಆಕೆಗೆ, ಕೈಗಡಿಯಾರ ಆಕೆಗೆ, ಕೊನೆಗೆ ತಪ್ಪೂ ಪೂರ್ತಿ ಆಕೆಗೇ. ಅದರಲ್ಲೂ ನನಗೊಂದು ಪಾಲು ಬಿಡಲಿಲ್ಲ. ಆಕೆಯ ಮೇಲಿನ ನನ್ನ ಕರುಬು ಅವತ್ತು ಉರಿದಷ್ಟು ಎಂದೂ ಉರಿದಿರಲಿಲ್ಲ. ಆದರೆ ಈ ಸಲ ನನಗೆ ಬೇಕಾದದ್ದು ನನ್ನದೇ ಆಗಿತ್ತು.

ಪತ್ರಿಕೆಯವರು ಕೇಳಲು ಹೇಳಿದ್ದ ಕೊನೆಯ ಪ್ರಶ್ನೆ ಕೇಳಿದೆ: ನಿಮ್ಮ ಆಸೆ ಏನು?

"ಮಳೆ ಬರೋಕೆ ಮುಂಚೆ ಬಾಗಿಲಿರೋ ತಗಡಿನ ಬೀರು ಒಂದು," ಎಂದಳು. "ಗೋಡೇಲಿದ್ರೆ ಕೋಲು ನೀರು ಕುಡಿದು ಉಬ್ಬತ್ತೆ, ಗೆರೆ ಸರಿಯತ್ತೆ. ಅಷ್ಟೇ ಸಾಕು."

"ಎಷ್ಟು ಮೊಳೆ ಬೇಕು?"

"ಮೂವತ್ತೈದು."

"ಲಾರಿ ಮೂವತ್ನಾಲ್ಕು."

ಆಕೆ ಗೋಡೆಯ ಕೊನೆಯ ಮೊಳೆಯ ಕಡೆ ನೋಡಿದಳು. ಅಲ್ಲಿ ಹದಿನೇಳರ ಹಳೆಯ ಕೋಲು ಈಗಲೂ ತೂಗುತ್ತದೆ. ಹತ್ತು ವರ್ಷ ಯಾರೂ ಅದನ್ನು ಯಾವ ಟ್ಯಾಂಕಿಗೂ ಇಳಿಸಿಲ್ಲ, ಆಕೆ ಒಲೆಗೂ ಹಾಕಿಲ್ಲ.

ಇದನ್ನು ಬರೆಯತೊಡಗಿ ವಾರವಾಯಿತು, ನಾನು ಬೆಸೆದ ಬೀರು ಮುಗಿದಿದೆ. ಕಣ್ಣು ಮೊದಲಿನಂತಿಲ್ಲ, ಆದರೂ ಬೆಸುಗೆ ನೆಟ್ಟಗಿದೆ. ನಿನ್ನೆ ಬೆಳಿಗ್ಗೆ ಎಲ್ಲ ಡ್ರೈವರುಗಳೂ ಚಹಾ ಹಿಡಿದು ನಿಂತಿದ್ದಾಗ ಆಕೆ ಬಾಗಿಲು ತೆರೆದು ಕೋಲುಗಳನ್ನು ಒಂದೊಂದಾಗಿ ನೇತುಹಾಕಿದಳು. ಮೂವತ್ತೈದನೇ ಮೊಳೆಯ ಬಳಿ ಕೈ ನಿಂತಿತು. ಅದರ ಕೆಳಗೆ ತಗಡಿನ ಮೇಲೆ ನಾನು ಬೆಸುಗೆಯಿಂದಲೇ ಅಕ್ಷರ ಬರೆದಿದ್ದೆ, ಮೇಲೆ ಎಷ್ಟು ಬಣ್ಣ ಹೊಡೆದರೂ ಬೆರಳಿಗೆ ಸಿಗುವ ಹಾಗೆ. ಆಕೆ ಬೆರಳಾಡಿಸಿ ನಿಧಾನ ಓದಿದಳು. ನನ್ನ ಕಡೆ ತಿರುಗಿದಳು.

"ಕೋತಿ ತಿನ್ನೋನೆ," ಎಂದಳು ಎಲ್ಲರಿಗೂ ಕೇಳುವಂತೆ, "ಅಕ್ಷರ ವಾರೆ ಆಗಿದೆ."

ವಾರೆಯಾಗಿಯೇ ಇದೆ. ಅಲ್ಲಿ ಬರೆದದ್ದು ಇಷ್ಟು: ಟ್ಯಾಂಕ್ ಕತ್ತರಿಸಿ ಹೇಳದೆ ಹೋದವನು ಬಾಶಿ ಚೊಲಾ. ಎವರಿಸ್ಟೊ ಲುಂಬ್ವೆ ಕದಿಯಲಿಲ್ಲ. ಈ ಗೇಟು ದಾಟಿ ಅವನು ಹೋದದ್ದು ಮಾರ್ಚ್ ಹನ್ನೆರಡು, ಗುರುವಾರ.